ಪತ್ತೇದಾರನ ಜೊತೆಗಾರ

ಪುತ್ತೂರು, ಸುಳ್ಯ, ಕಡಬದ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತಲ್ಲ. ವೇಷ ರಂಗಕ್ಕೆ ಬಂದು ಕುಣಿದು ನಿಂತೊಡನೆ ಭಾಗವತರು ಮಾತಿಗೆಳೆಯುತ್ತಾರೆ: ಯಾರು, ಎಲ್ಲಿಂದ, ಬಂದ ಕಾರಣವೇನು? ಭಾಗವತರಿಗೆ ಪ್ರಸಂಗ ಬಾಯಿಪಾಠ. ಆದರೂ ಗೊತ್ತಿಲ್ಲದವರಂತೆ ಕೇಳುತ್ತಾರೆ, ಸಭೆಯ ಪರವಾಗಿ.

ಪತ್ತೇದಾರಿ ಕಥೆಯಲ್ಲಿ ಈ ಕೆಲಸ ಸಹಾಯಕನದು. ಒಂದೇ ವ್ಯತ್ಯಾಸ, ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. 1841ರಲ್ಲಿ ಎಡ್ಗರ್ ಅಲನ್ ಪೋ ಮೊದಲ ಪತ್ತೇದಾರಿ ಕಥೆಯೆನಿಸಿದ್ದನ್ನು ಬರೆದಾಗಲೇ, ಅದನ್ನು ಹೇಳಲು ಹೆಸರಿಲ್ಲದ ಗೆಳೆಯನೊಬ್ಬನನ್ನು ಇಟ್ಟಿದ್ದರು. 1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಅಂಥ ಗೆಳೆಯನಿಗೆ ಹೆಸರು, ವೃತ್ತಿ, ಯುದ್ಧದ ಗಾಯ ಎಲ್ಲವನ್ನೂ ಕೊಟ್ಟರು. ಅವನೇ ಷರ್ಲಾಕ್ ಹೋಮ್ಸನ ಡಾ. ವಾಟ್ಸನ್. ಬಂಗಾಳಿಯಲ್ಲಿ ಬ್ಯೋಮಕೇಶನಿಗೆ ಅಜಿತ್ ಇದ್ದಾನೆ. ಸತ್ಯಜಿತ್ ರಾಯ್ ಅವರ ಫೆಲೂದಾನಿಗೆ ತಮ್ಮನಾಗಬೇಕಾದ ತೋಪ್ಶೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ನಿದ್ದೆಗೆಟ್ಟು ಓದಿದವರು ಲೆಕ್ಕವಿಲ್ಲದಷ್ಟು. ಅವರಿಗೂ ನೆನಪಿನಲ್ಲಿ ಉಳಿದಿರುವುದು ನಾಯಕನ ಹೆಸರೇ.

ವಾಟ್ಸನ್ ಪೆದ್ದನೆಂಬ ಅಪಖ್ಯಾತಿ ಬಹುಮಟ್ಟಿಗೆ ಹಳೆಯ ಸಿನಿಮಾಗಳು ಅಂಟಿಸಿದ್ದು. ಮೂಲ ಕಥೆಗಳಲ್ಲಿ ಅವನು ತಿಳಿದ ವೈದ್ಯ, ಅಪಾಯದ ರಾತ್ರಿಯಲ್ಲಿ ರಿವಾಲ್ವರ್ ಜೇಬಿಗಿಟ್ಟು ಹೊರಡುವ ಧೈರ್ಯಸ್ಥ. ಹೋಮ್ಸ್ ಕಂಡ ಕೆಸರಿನ ಕಲೆಯನ್ನು ಅವನೂ ಕಂಡಿರುತ್ತಾನೆ, ಅರ್ಥ ಹೊಳೆದಿರುವುದಿಲ್ಲ ಅಷ್ಟೆ. ಓದುಗರಾದ ನಾವೂ ಅಲ್ಲೇ ನಿಂತಿರುತ್ತೇವೆ. ಸುಳಿವೆಲ್ಲ ನಮ್ಮ ಕಣ್ಣ ಮುಂದೆ, ಹೋಮ್ಸನ ಮನಸ್ಸು ಮಾತ್ರ ಮರೆಯಲ್ಲಿ. ಗುಟ್ಟು ಕೊನೆಯ ಪುಟದ ತನಕ ನಿಲ್ಲುವುದು ಹೀಗೆ. 1926ರಲ್ಲಿ ಡಾಯ್ಲ್ ಎರಡು ಕಥೆಗಳನ್ನು ಹೋಮ್ಸನ ಬಾಯಲ್ಲೇ ಹೇಳಿಸಿದರು. ತನಗೆ ಗೊತ್ತಾದದ್ದನ್ನು ತಾನೇ ಬಚ್ಚಿಡಬೇಕಾದ ಪೇಚಾಟ ಅಲ್ಲಿದೆ. ಗೆಳೆಯನಿಲ್ಲದ ಕೊರತೆಯನ್ನು ಹೋಮ್ಸನೇ ಒಪ್ಪಿಕೊಳ್ಳುತ್ತಾನೆ.

ಇನ್ನು ನಿಷ್ಠೆಯ ಮಾತು. 1913ರ ಕಥೆಯೊಂದರಲ್ಲಿ ಹೋಮ್ಸ್ ಮಾರಕ ರೋಗ ತಗಲಿದವನಂತೆ ಮಲಗುತ್ತಾನೆ. ಪರೀಕ್ಷಿಸಲು ಬಂದ ವಾಟ್ಸನ್‌ನನ್ನು ಹತ್ತಿರ ಸೇರಿಸದೆ, ಅವನ ವೈದ್ಯವಿದ್ಯೆಯನ್ನೇ ಹಂಗಿಸುತ್ತಾನೆ. ಬಳಿಕ ಇನ್ನೊಬ್ಬನನ್ನು ಕರೆತರಲು ಕಳುಹಿಸುತ್ತಾನೆ. ಆ ಇನ್ನೊಬ್ಬನೇ ಕೊಲೆಗಾರ. ವಾಟ್ಸನ್ ನಿಜವಾಗಿಯೂ ಕಂಗಾಲಾಗಿದ್ದರಿಂದಲೇ ಅವನು ನಂಬಿ ಬಂದು ಸಿಕ್ಕಿಬಿದ್ದ. ನಾಟಕವೆಂದು ಮೊದಲೇ ತಿಳಿದಿದ್ದರೆ ವಾಟ್ಸನ್‌ನ ಮುಖವೇ ಎಲ್ಲವನ್ನೂ ಬಯಲು ಮಾಡುತ್ತಿತ್ತು. ಇಲ್ಲಿ ಪ್ರಾಮಾಣಿಕನೊಬ್ಬನ ಪ್ರೀತಿಯೇ ಗಾಳಕ್ಕೆ ಸಿಕ್ಕಿಸಿದ ಹುಳು. ಬುದ್ಧಿವಂತಿಕೆಗೆ ಮೆಚ್ಚಿದರೂ ನನಗೆ ಹೋಮ್ಸನ ಮೇಲೆ ಸ್ವಲ್ಪ ಸಿಟ್ಟೇ ಬರುತ್ತದೆ. ವಾಟ್ಸನ್‌ಗೆ ಬಂದಂತಿಲ್ಲ.

ಕಥೆ ಹೇಳುವವನ ಮೇಲಿನ ಈ ನಂಬಿಕೆಯನ್ನೇ ಬಳಸಿಕೊಂಡು ಓದುಗರನ್ನು ಏಮಾರಿಸಿದ್ದೂ ಇದೆ. ಆ ಕೆಲಸ ಮಾಡಿದವರು ಅಗಾಥಾ ಕ್ರಿಸ್ಟಿ, 1926ರಲ್ಲೇ. ಕಾದಂಬರಿಯ ಹೆಸರು ಹೇಳುವುದಿಲ್ಲ, ಓದದವರು ಇರಬಹುದು. ಇದು ಆಟದ ನಿಯಮವಲ್ಲ, ಮೋಸ ಎಂದು ಅಂದಿನ ಓದುಗರಲ್ಲಿ ಕೆಲವರು ಸಿಡಿಮಿಡಿಗೊಂಡಿದ್ದರು.