ಹೊಟ್ಟೆಯ ಚೀಲ: ಮನೆಯವರು ತಿಳಿದಿರಬೇಕಾದದ್ದು

ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಹೊಟ್ಟೆಯ ಮೇಲಿನ ರಂಧ್ರದಿಂದ (ಸ್ಟೋಮಾ) ಮಲ ಚೀಲಕ್ಕೆ ಹೋಗುತ್ತದೆ. ಕುರೆಕುಪ್ಪದಂತಹ ಊರಿನಲ್ಲಿ ಶಸ್ತ್ರವೈದ್ಯರನ್ನು ಕಾಣಲು ಊರಿನಾಚೆ ಹೋಗಬೇಕಾಗಬಹುದು. ಆದ್ದರಿಂದ ಮನೆಯವರ ತಿಳಿವಳಿಕೆಯೇ ಮೊದಲ ಆಸರೆ.

ಆರೋಗ್ಯಕರ ಸ್ಟೋಮಾ ಕೆಂಪಗೆ, ತೇವವಾಗಿರುತ್ತದೆ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಸುತ್ತಲಿನ ಚರ್ಮವನ್ನು ಬರೀ ನೀರಿನಿಂದ ತೊಳೆದು ಒಣಗಿಸಿ. ಎಣ್ಣೆ, ಮರ್ಹಮ್ ಹಚ್ಚಿದರೆ ಚೀಲ ಅಂಟದು. ಸೋರಿದ ಮಲ ಚರ್ಮವನ್ನು ಸುಡುತ್ತದೆ. ಚರ್ಮ ಕೆಂಪಾದರೆ ಅಂಟುತಟ್ಟೆಯ ರಂಧ್ರವನ್ನು ಅಳೆಯಿರಿ. ಅದು ಸ್ಟೋಮಾಗಿಂತ 2–3 ಮಿ.ಮೀ. ಮಾತ್ರ ದೊಡ್ಡದಿರಲಿ.

ಸಣ್ಣ ಕರುಳಿನ ಸ್ಟೋಮಾ ಇದ್ದವರ ಮೈಯಿಂದ ನೀರು, ಉಪ್ಪು ಬೇಗ ಹೋಗುತ್ತವೆ. ನಮ್ಮ ಬಿಸಿಲಿಗೆ ಮನೆಯಲ್ಲಿ ಓಆರ್‌ಎಸ್ ಇರಲೇಬೇಕು. ಇಂಥವರು ಭೇದಿ ಮಾಡಿಸುವ ಯುನಾನಿ ಔಷಧಿ (ಮುಸ್ಹಿಲ್) ತೆಗೆದುಕೊಳ್ಳಬಾರದು. ರೋಜಾ ಹಿಡಿಯುವ ಮೊದಲು ಶಸ್ತ್ರವೈದ್ಯರನ್ನು ಕೇಳಿ.

ಸ್ಟೋಮಾ ಕಪ್ಪಾದರೆ, ರಕ್ತ ನಿಲ್ಲದಿದ್ದರೆ, ಹೊಟ್ಟೆನೋವು-ವಾಂತಿಯ ಜೊತೆ ಚೀಲಕ್ಕೆ ಏನೂ ಬಾರದಿದ್ದರೆ, ತಲೆಸುತ್ತು ಬಂದು ಮೂತ್ರ ಕಡಿಮೆಯಾದರೆ ಮನೆಮದ್ದು ಬೇಡ. ತಕ್ಷಣ 108ಕ್ಕೆ ಕರೆ ಮಾಡಿ.

ಚೀಲವಿದೆಯೆಂದು ನಮಾಜ್ ಬಿಡಬೇಕಿಲ್ಲ. ಹನಫಿ ಫಿಕ್ಹ್‌ನಲ್ಲಿ ಇಂಥವರು ಮಾಜೂರ್. ಪ್ರತಿ ನಮಾಜಿನ ವೇಳೆಗೆ ಹೊಸದಾಗಿ ವುಝೂ ಮಾಡಿದರೆ ಸಾಕು. ವಿವರಗಳನ್ನು ನಿಮ್ಮ ಆಲಿಮರಲ್ಲಿ ಕೇಳಿ. ರೋಗಿಯನ್ನು ಮೂಲೆಗೆ ಕೂರಿಸದೆ ದಸ್ತರ್‌ಖಾನಿಗೆ ಕರೆಯಿರಿ.