ಇಯರ್‌ಫೋನ್ ತಂತಿಯಲ್ಲಿದ್ದ ರೇಡಿಯೊ

ಸ್ವಲ್ಪ ಹಳೆಯ ಮೊಬೈಲಿನಲ್ಲಿ ಎಫ್‌ಎಂ ರೇಡಿಯೊ ತೆರೆದರೆ ಮೊದಲು ಬರುವುದು ಹಾಡಲ್ಲ, ಇಯರ್‌ಫೋನ್ ಸಿಕ್ಕಿಸಿ ಎಂಬ ಸೂಚನೆ. ಸಿಕ್ಕಿಸಿದ ಮೇಲೆ ಅದನ್ನು ಕಿವಿಗೆ ಇಟ್ಟುಕೊಳ್ಳಲೇಬೇಕೆಂದೇನಿಲ್ಲ, ಸ್ಪೀಕರಿನಲ್ಲೇ ಹಾಡು ಕೇಳಬಹುದು. ಆದರೆ ಪಿನ್ ಕಿತ್ತರೆ ಮಾತ್ರ ರೇಡಿಯೊ ಬಂದ್. ಕೇಳುವುದಕ್ಕೆ ಬೇಡದ ಇಯರ್‌ಫೋನನ್ನು ಫೋನು ಯಾಕೆ ಹೀಗೆ ಹಟ ಹಿಡಿದು ಕೇಳುತ್ತದೆ ಎಂದು ಗೊಣಗಿದವರು ಬಹಳ ಮಂದಿ. ಫೋನಿಗೆ ಬೇಕಾಗಿದ್ದದ್ದು ಇಯರ್‌ಫೋನಲ್ಲ, ಅದರ ತಂತಿ. ಆ ತಂತಿಯೇ ರೇಡಿಯೊದ ಆಂಟೆನಾ.

ಲೆಕ್ಕ ಸರಳವಾಗಿದೆ. ಬೆಂಗಳೂರಿನ ವಿವಿಧ ಭಾರತಿ ಬರುವುದು 102.9 ಮೆಗಾಹರ್ಟ್ಜ್‌ನಲ್ಲಿ, ಅಂದರೆ ಅದರ ಅಲೆ ಸೆಕೆಂಡಿಗೆ ಹತ್ತು ಕೋಟಿಗೂ ಹೆಚ್ಚು ಸಲ ಕಂಪಿಸುತ್ತದೆ. ಬೆಳಕಿನ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ ಸಿಗುತ್ತದೆ: ಹತ್ತಿರ ಹತ್ತಿರ 3 ಮೀಟರ್. ಅಲೆಯ ಕಾಲುಭಾಗದಷ್ಟು ಉದ್ದದ ಕಡ್ಡಿಯೋ ತಂತಿಯೋ ಇದ್ದರೆ ಅದನ್ನು ಚೆನ್ನಾಗಿ ಹಿಡಿಯಬಹುದು. ಎಫ್‌ಎಂಗೆ ಅದು ಮುಕ್ಕಾಲು ಮೀಟರಿನಷ್ಟಾಯಿತು. ಫೋನಿನ ಉದ್ದವೋ ಸುಮಾರು 15 ಸೆಂಟಿಮೀಟರ್. ವೈಫೈಗೆ ಈ ತೊಂದರೆ ಇಲ್ಲ. 2.4 ಗಿಗಾಹರ್ಟ್ಜ್‌ನ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಅದರ ಕಾಲುಭಾಗ ಬೆರಳಿನ ಒಂದು ಗೆಣ್ಣಿನಷ್ಟು. ಚೌಕಟ್ಟಿನ ಯಾವುದೋ ಮೂಲೆಯಲ್ಲಿ ಅಡಗಿಸಿಡಬಹುದು. ಫೋನಿನೊಳಗೆ ಹಿಡಿಸದ ಅಲೆ ಎಂದರೆ ಎಫ್‌ಎಂನದೇ. ಹೇಗೂ ಒಂದು ಮೀಟರಿಗೂ ಉದ್ದದ ತಂತಿ ಹೊರಗೆ ನೇತಾಡುತ್ತಿತ್ತಲ್ಲ, ಎಂಜಿನಿಯರುಗಳು ಅದನ್ನೇ ಬಳಸಿಕೊಂಡರು.

ಒಂದೇ ತಂತಿ ಹಾಡನ್ನು ಹೊರಗೆ ಒಯ್ಯುತ್ತ ಅಲೆಯನ್ನು ಒಳಗೆ ತರುವುದು ಹೇಗೆ? ಇಯರ್‌ಫೋನಿಗೆ ಹೋಗುವ ಧ್ವನಿಯ ಸಂಕೇತ ಸೆಕೆಂಡಿಗೆ ಹೆಚ್ಚೆಂದರೆ 20 ಸಾವಿರ ಸಲ ಕಂಪಿಸುತ್ತದೆ. ರೇಡಿಯೊ ಅಲೆಯ ಕಂಪನ ಅದರ ಐದು ಸಾವಿರ ಪಟ್ಟು. ಪಿನ್ನಿನ ಬುಡದಲ್ಲಿ ಫೆರೈಟ್ ಎಂಬ ಕಾಂತೀಯ ವಸ್ತುವಿನ ಪುಟ್ಟ ಮಣಿಯನ್ನಿಟ್ಟರೆ ಅದು ನಿಧಾನದ ಧ್ವನಿಯನ್ನು ಸಲೀಸಾಗಿ ದಾಟಲು ಬಿಟ್ಟು, ವೇಗದ ರೇಡಿಯೊ ಅಲೆಗೆ ಅಡ್ಡ ನಿಲ್ಲುತ್ತದೆ. ತಡೆದ ಅಲೆಯನ್ನು ಪಕ್ಕದ ದಾರಿಯಿಂದ ರೇಡಿಯೊ ಚಿಪ್‌ಗೆ ಕಳಿಸಿದರಾಯಿತು. ಇದಕ್ಕೆ ತಗಲುವ ಬಿಡಿಭಾಗಗಳ ಬೆಲೆ ಪೈಸೆಗಳ ಲೆಕ್ಕದ್ದು. ತಂತಿಯನ್ನು ಸುತ್ತಿಟ್ಟರೆ ಕರಕರ, ಕಿಟಕಿಯ ಸರಳಿಗೆ ನೇತು ಹಾಕಿದರೆ ಸ್ಪಷ್ಟ ದನಿ: ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ ರೇಡಿಯೊ ಕೇಳಿದವರೆಲ್ಲ ಆಂಟೆನಾ ವಿಜ್ಞಾನದ ಈ ಪ್ರಯೋಗವನ್ನು ತಮಗೆ ತಿಳಿಯದೆಯೇ ಮಾಡಿದ್ದಾರೆ.

ಆ ಪಿನ್ನಿನ ತೂತು 2016ರ ಸೆಪ್ಟೆಂಬರಿನಲ್ಲಿ ಐಫೋನ್ 7ರಿಂದ ಮಾಯವಾಯಿತು. ತೂತು ಮುಚ್ಚಿದವರಲ್ಲಿ ಆಪಲ್ ಮೊದಲಿಗನಲ್ಲ; ಅದೇ ವರ್ಷದ ಮೋಟೊ ಝಡ್‌ನಲ್ಲೂ ಅದು ಇರಲಿಲ್ಲ. ಆದರೆ ವೇದಿಕೆಯ ಮೇಲೆ ನಿಂತು ಇದಕ್ಕೆ ಧೈರ್ಯ ಎಂಬ ವಿಶೇಷಣ ಕೊಟ್ಟವರು ಆಪಲ್‌ನ ಫಿಲ್ ಷಿಲ್ಲರ್. ಅದೇ ವೇದಿಕೆಯಲ್ಲಿ 159 ಡಾಲರಿನ ತಂತಿಯಿಲ್ಲದ ಏರ್‌ಪಾಡ್ಸ್ ಕೂಡ ಘೋಷಣೆಯಾದವು ಎಂಬುದನ್ನು ಮರೆಯದಿದ್ದರೆ ಧೈರ್ಯದ ಅಳತೆ ಸರಿಯಾಗಿ ಸಿಗುತ್ತದೆ. ಮುಂದಿನ ತಿಂಗಳು ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಹಳೆಯ ತೂತು ಹಾಗೆಯೇ ಇದೆ ಎಂದು ಜಾಹೀರಾತಿನಲ್ಲಿ ಕುಟುಕಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಪಿಕ್ಸೆಲ್ 2 ಬಂತು, ತೂತಿಲ್ಲದೆ. ಸ್ಯಾಮ್‌ಸಂಗ್ ಕೂಡ 2017ರಲ್ಲಿ ನಕ್ಕಿತು, 2019ರ ನೋಟ್ 10ರಲ್ಲಿ ತಾನೂ ಮುಚ್ಚಿತು.

ಮುಚ್ಚಿದ್ದಕ್ಕೆ ಕಾರಣಗಳೇ ಇರಲಿಲ್ಲ ಎನ್ನಲಾರೆ. ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕರೆ ಜೋಡಿಸಲು ಬಳಸುತ್ತಿದ್ದ ಪಿನ್ನಿನ ಮರಿಯೇ ಈ 3.5 ಮಿಲಿಮೀಟರಿನ ಪಿನ್. ಅದು ಫೋನಿನೊಳಗೆ 14 ಮಿಲಿಮೀಟರಿನಷ್ಟು ಆಳಕ್ಕೆ ಇಳಿಯುತ್ತದೆ. ಬ್ಯಾಟರಿ, ಕ್ಯಾಮೆರಾ, ಕಂಪನದ ಮೋಟರು ಎಲ್ಲವೂ ಜಾಗಕ್ಕಾಗಿ ಕಿತ್ತಾಡುವಲ್ಲಿ ಅದು ಸಣ್ಣ ನಿವೇಶನವೇನಲ್ಲ. ಆದರೆ ನೀರು ನುಗ್ಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅದೇ 2016ರ ಗ್ಯಾಲಕ್ಸಿ ಎಸ್7ರಲ್ಲಿ ತೂತೂ ಇತ್ತು, ಐಪಿ68 ದರ್ಜೆಯ ಜಲರಕ್ಷಣೆಯೂ ಇತ್ತು. ಐಫೋನ್ 7ರದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಐಪಿ67. ಜಾಗವೇ ಇಲ್ಲ ಎಂಬ ಮಾತಿಗೂ ಸ್ಕಾಟಿ ಆಲೆನ್ ಎಂಬ ಎಂಜಿನಿಯರ್ 2017ರಲ್ಲಿ ಚೀನಾದ ಶೆನ್‌ಝೆನ್‌ನಲ್ಲಿ ಕೂತು ಉತ್ತರ ಕೊಟ್ಟ. ಐಫೋನ್ 7ರ ಒಳಗೆ ಅಲ್ಲಿಷ್ಟು ಇಲ್ಲಿಷ್ಟು ಕೆತ್ತಿ, ಮಡಚಬಹುದಾದ ಸರ್ಕ್ಯೂಟ್ ತಾನೇ ಮಾಡಿಸಿ, ಕೆಲಸ ಮಾಡುವ ತೂತೊಂದನ್ನು ಕೂರಿಸಿದ. ಪಾಪ, ತಿಂಗಳುಗಟ್ಟಲೆ ಹಿಡಿಯಿತು.

ಆ ಜಗಳವೆಲ್ಲ ನಡೆದದ್ದು ಹಾಡು ಕೇಳುವವರ ಪರವಾಗಿ. ತೂತಿನ ಜೊತೆಗೆ ಆಂಟೆನಾ ಕೂಡ ಹೋಯಿತೆಂಬುದು ಅದೇ 2017ರ ಚಂಡಮಾರುತಗಳಲ್ಲಿ ಎದ್ದು ಕಂಡಿತು. ಮರಿಯಾ ಹೊಡೆತಕ್ಕೆ ಪೋರ್ಟೊ ರಿಕೊದ ಶೇ 90ಕ್ಕೂ ಹೆಚ್ಚು ಮೊಬೈಲ್ ಟವರುಗಳು ಮಲಗಿದವು. ಅಮೆರಿಕದ ಸಂಪರ್ಕ ಆಯೋಗದ ಅಧ್ಯಕ್ಷರಾಗಿದ್ದ ಅಜಿತ್ ಪೈ, ಐಫೋನುಗಳಲ್ಲಿರುವ ಎಫ್‌ಎಂ ಚಿಪ್ಪನ್ನು ಚಾಲೂ ಮಾಡಿ ಎಂದು ಆಪಲನ್ನು ಬಹಿರಂಗವಾಗಿ ಒತ್ತಾಯಿಸಿದರು. ಐಫೋನ್ 7 ಮತ್ತು 8ರಲ್ಲಿ ಎಫ್‌ಎಂ ಚಿಪ್ಪೂ ಇಲ್ಲ, ಅದಕ್ಕೆ ಬೇಕಾದ ಆಂಟೆನಾವೂ ಇಲ್ಲ ಎಂದು ಕಂಪನಿ ಉತ್ತರಿಸಿತು. ಆ ಎರಡು ಮಾದರಿಗಳ ಮಟ್ಟಿಗೆ ಉತ್ತರ ಸರಿ. ಹಿಂದಿನ ಕಥೆ ಬೇರೆ. ವೈಫೈ ಮತ್ತು ಬ್ಲೂಟೂತ್‌ಗಾಗಿ ಕೊಳ್ಳುವ ಒಂದೇ ಚಿಪ್ಪಿನೊಳಗೆ ಎಫ್‌ಎಂ ಭಾಗವೂ ಸೇರಿಕೊಂಡೇ ಬರುತ್ತಿದ್ದ ಕಾಲವಿತ್ತು. ಐಫೋನ್ 4ರಲ್ಲಿದ್ದ ಬ್ರಾಡ್‌ಕಾಮ್ ಚಿಪ್ ಅಂಥದ್ದು. ಆದರೂ ಆ ಫೋನಿನಲ್ಲಿ ಆಕಾಶವಾಣಿ ಕೇಳುವಂತಿರಲಿಲ್ಲ. ಜನರೂ ಇಲ್ಲಿ ಅರ್ಧ ಸತ್ಯ ಹೇಳುತ್ತಾರೆ. ಚಿಪ್ಪಿದೆ, ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿದರೆ ರೇಡಿಯೊ ಬರುತ್ತದೆ ಎಂಬುದು ಸುಳ್ಳು. ಆಂಟೆನಾದವರೆಗೆ ದಾರಿ ಹಾಕದ ಚಿಪ್ಪು ಕಿವುಡು.

ನಮ್ಮಲ್ಲಿ ಈ ಮಾತು ಸರ್ಕಾರಿ ಕಾಗದಕ್ಕೆ ಬಂದದ್ದು 2023ರಲ್ಲಿ. ಎಫ್‌ಎಂ ಸೌಲಭ್ಯ ಇರುವ ಫೋನುಗಳಲ್ಲಿ ಅದನ್ನು ಬಂದ್ ಮಾಡಬೇಡಿ, ಇಲ್ಲದ ಫೋನುಗಳಲ್ಲಿ ಸೇರಿಸಲು ನೋಡಿ ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ತಯಾರಕರ ಸಂಘಗಳಿಗೆ ಬರೆಯಿತು. ಅದು ಸಲಹೆಯಷ್ಟೇ, ಕಾನೂನಲ್ಲ. ವಿಪತ್ತಿನ ಹೊತ್ತಿನಲ್ಲಿ ಸುದ್ದಿ ಮುಟ್ಟಿಸಲು ರೇಡಿಯೊ ಬೇಕು ಎಂಬುದು ಅದಕ್ಕೆ ಕೊಟ್ಟ ಮುಖ್ಯ ಕಾರಣ. ಅದೇ ವರ್ಷ ನಮ್ಮ ಫೋನುಗಳೆಲ್ಲ ಒಮ್ಮೆಲೇ ಕಿರುಚಿ ತುರ್ತು ಸಂದೇಶ ತೋರಿಸಿದ ಪರೀಕ್ಷೆ ನೆನಪಿರಬಹುದು. ಒಳ್ಳೆಯ ವ್ಯವಸ್ಥೆ. ಆದರೆ ಆ ಕಿರುಚಾಟಕ್ಕೆ ಹತ್ತಿರದ ಟವರು ಜೀವಂತ ಇರಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಕರೆಂಟು ಹೋಯಿತು, ಅದರ ಹಿಂದೆಯೇ ಫೋನೂ ಹೋಯಿತು. ಟವರಿನ ಬ್ಯಾಟರಿ ಕೆಲವು ಗಂಟೆಗಳ ಮಾತು. ಒಂದು ಜಿಲ್ಲೆಗೆ ನೂರಾರು ಟವರುಗಳನ್ನು ಬದುಕಿಸಿಡಬೇಕು. ಎಫ್‌ಎಂಗಾದರೆ ಎತ್ತರದ ಜಾಗದಲ್ಲಿ ಒಂದು ಪ್ರಸಾರ ಕಂಬ, ಅದಕ್ಕೊಂದು ಡೀಸೆಲ್ ಜನರೇಟರು ಸಾಕು. ಕೇಳುವವರು ಹತ್ತು ಮಂದಿಯಾದರೂ ಹತ್ತು ಲಕ್ಷವಾದರೂ ಅದಕ್ಕೆ ದಟ್ಟಣೆಯೆಂಬುದಿಲ್ಲ.

ಕೈಗಡಿಯಾರದ ಕಥೆ ಇದಕ್ಕಿಂತ ವಿಚಿತ್ರ. ಇವತ್ತಿನ ಸ್ಮಾರ್ಟ್‌ವಾಚಿನಲ್ಲಿ ಎಫ್‌ಎಂ ಕೇಳಿದರೆ ಅಂಗಡಿಯವರು ನಕ್ಕಾರು, ಅಷ್ಟು ಚಿಕ್ಕದರಲ್ಲಿ ಆಂಟೆನಾ ಎಲ್ಲಿಡುವುದು ಎಂದಾರು. ಆದರೆ ಎರಡು ದಶಕದ ಹಿಂದಿನ ಸ್ಮಾರ್ಟ್‌ವಾಚ್ ಬದುಕುತ್ತಿದ್ದದ್ದೇ ಎಫ್‌ಎಂ ಮೇಲೆ. 2002ರ ನವೆಂಬರಿನಲ್ಲಿ ಬಿಲ್ ಗೇಟ್ಸ್ ಘೋಷಿಸಿದ ಮೈಕ್ರೋಸಾಫ್ಟ್‌ನ ಸ್ಪಾಟ್ ತಂತ್ರಜ್ಞಾನವನ್ನು ಫಾಸಿಲ್, ಸುಂಟೊ, ಟಿಸ್ಸೊ ಕಂಪನಿಗಳು ತಮ್ಮ ಗಡಿಯಾರಗಳಿಗೆ ಅಳವಡಿಸಿದವು. ಎಫ್‌ಎಂ ಕೇಂದ್ರಗಳ ಹಾಡಿನ ಜೊತೆಗೇ, ಕಿವಿಗೆ ಕೇಳದ ಪಕ್ಕದ ಕಂಪನವೊಂದರ ಮೇಲೆ ಹವಾಮಾನ, ಸುದ್ದಿ, ಷೇರು ಬೆಲೆಗಳನ್ನು ಅಕ್ಷರಗಳಾಗಿ ಕಳಿಸುತ್ತಿದ್ದರು. ಕಟ್ಟಿಕೊಂಡವರು ವರ್ಷಕ್ಕೆ 59 ಡಾಲರ್ ಚಂದಾ ಕೊಡಬೇಕಿತ್ತು. ಆಂಟೆನಾ ಎಲ್ಲಿತ್ತು? ಪಟ್ಟಿಯಲ್ಲಿ. ಮಣಿಕಟ್ಟನ್ನು ಬಳಸುವ ತಂತಿಯ ಸುರುಳಿ ಅಲೆಯ ಕಾಂತೀಯ ಭಾಗವನ್ನು ಹಿಡಿಯುತ್ತದೆ. ಪಕ್ಕದಲ್ಲಿ ಮೈ ಇದ್ದರೂ ಅದಕ್ಕಾಗುವ ಅಡ್ಡಿ ಕಡಿಮೆ. ಪಟ್ಟಿ ಹರಿದರೆ ಇನ್ನೊಂದನ್ನು ಸುಮ್ಮನೆ ಹಾಕಿಸುವಂತಿರಲಿಲ್ಲ, ಅದು ಬೇರೆ ಮಾತು. ಗಡಿಯಾರ ಕೇಳಬಲ್ಲದಾಗಿತ್ತು, ಉತ್ತರಿಸಲಾರದಾಗಿತ್ತು. ಮೊಬೈಲ್ ಇಂಟರ್‌ನೆಟ್ ಬಂದ ಮೇಲೆ ಅದನ್ನು ಕೇಳುವವರಿಲ್ಲದೆ 2012ರ ಮೊದಲ ದಿನ ಆ ಸೇವೆ ನಿಂತಿತು.

ಈಗಿನ ದುಬಾರಿ ಫೋನು ಇದಕ್ಕೆ ತಿರುಗುಮುರುಗು. 2022ರ ಐಫೋನ್ 14ರಿಂದ ಆಚೆಗೆ, ಸೇವೆ ಇರುವ ದೇಶಗಳಲ್ಲಿ, ಟವರಿಲ್ಲದ ಕಾಡಿನಿಂದಲೂ ತುರ್ತು ಸಂದೇಶ ಕಳಿಸಬಹುದು. ಅದು ಮಾತಾಡುವ ಗ್ಲೋಬಲ್‌ಸ್ಟಾರ್ ಉಪಗ್ರಹಗಳು ಇರುವುದು ಸುಮಾರು 1,400 ಕಿಲೋಮೀಟರ್ ಎತ್ತರದಲ್ಲಿ. ಅಷ್ಟು ದೂರಕ್ಕೆ ಕೂಗುವ ಯಂತ್ರಕ್ಕೆ ಇಪ್ಪತ್ತು ಕಿಲೋಮೀಟರ್ ಆಚೆಯ ಆಕಾಶವಾಣಿ ಕೇಳಿಸುವುದಿಲ್ಲ. ಅಲೆಯ ಉದ್ದ ಇದಕ್ಕೆ ಒಂದು ಕಾರಣ ನಿಜ: ಉಪಗ್ರಹಕ್ಕೆ ಹೋಗುವ ಅಲೆ 19 ಸೆಂಟಿಮೀಟರಿನಷ್ಟೂ ಇಲ್ಲ, ಫೋನಿನ ಚೌಕಟ್ಟಿಗೆ ಒಗ್ಗುತ್ತದೆ. ಆದರೆ ಉಪಗ್ರಹವನ್ನು ಹಿಡಿಯಲು ಅಷ್ಟೆಲ್ಲ ಹೆಣಗಿದವರಿಗೆ ಎಫ್‌ಎಂ ಕಷ್ಟವಾಯಿತೆಂದರೆ ನಂಬುವುದು ಹೇಗೆ? ರೇಡಿಯೊ ಕೇಳುವವನು ಡೇಟಾ ಕೊಳ್ಳುವುದಿಲ್ಲ, ಚಂದಾ ಕಟ್ಟುವುದಿಲ್ಲ, ಅವನೇನು ಕೇಳಿದನೆಂಬ ದಾಖಲೆಯೂ ಯಾರ ಕೈಗೂ ಸಿಗುವುದಿಲ್ಲ. ಅದೇ ಹಾಡನ್ನು ಇಂಟರ್‌ನೆಟ್ಟಿನಲ್ಲಿ 64 ಕಿಲೋಬಿಟ್ ವೇಗದಲ್ಲಿ ಕೇಳಿದರೆ ಗಂಟೆಗೆ ಸುಮಾರು 29 ಎಂಬಿ ಖರ್ಚಾಗುತ್ತದೆ. ಅಡ್ಡ ನಿಂತಿರುವುದು ಹೆಚ್ಚಾಗಿ ಈ ಲೆಕ್ಕವೇ ಎಂದು ನನ್ನ ಗುಮಾನಿ.

ಎಫ್‌ಎಂ ಹಳೆಯದಾಯಿತು, ಬಿಡಿ ಎನ್ನುವವರಿದ್ದಾರೆ. ನಾರ್ವೆ 2017ರಲ್ಲೇ ತನ್ನ ರಾಷ್ಟ್ರೀಯ ಎಫ್‌ಎಂ ಪ್ರಸಾರ ನಿಲ್ಲಿಸಿ ಡಿಜಿಟಲ್ ರೇಡಿಯೊಗೆ ಹೋಯಿತು. ನಮ್ಮ ದಾರಿ ಬೇರೆ: 234 ಹೊಸ ನಗರಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳನ್ನು ಹರಾಜು ಹಾಕಲು 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಕೇಳುಗರ ಕೈಯಲ್ಲಿರುವುದು ಮಾತ್ರ ಹೆಚ್ಚೆಚ್ಚು ಕಿವುಡು ಫೋನುಗಳು.

ಹಳೆಯ ತೂತೇ ಮರಳಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಚಾರ್ಜು ಮಾಡುವ ಯುಎಸ್‌ಬಿ-ಸಿ ತೂತು ಈಗಿನ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಇದೆ. ಅದಕ್ಕೆ ಸಿಕ್ಕಿಸಿದ ಇಯರ್‌ಫೋನ್ ತಂತಿಯನ್ನೂ ಆಂಟೆನಾ ಮಾಡಿಕೊಳ್ಳಬಹುದು, ಕೆಲವು ಫೋನುಗಳಲ್ಲಿ ಮಾಡಿದ್ದಾರೆ ಕೂಡ. ತಂತಿಯೇ ಬೇಡವೆಂದರೆ ಒಳಗೇ ಗಿಡ್ಡ ಆಂಟೆನಾ ಇಟ್ಟು, ಅದು ಹಿಡಿದ ಕ್ಷೀಣ ಸಂಕೇತವನ್ನು ಹಿಗ್ಗಿಸುವ ದಾರಿಯಿದೆ. ದೂರದ ಕೇಂದ್ರ ಬಾರದು, ಊರಿನದು ಬಂದೀತು. 2020ರಲ್ಲಿ ಬಂದ ನೋಕಿಯಾ 5310, ಗುಂಡಿ ಒತ್ತುವ ಅಗ್ಗದ ಫೋನು, ಇಯರ್‌ಫೋನ್ ಸಿಕ್ಕಿಸದೆಯೇ ಎಫ್‌ಎಂ ಹಾಡುತ್ತದೆ.