ಅಜ್ಜನ ಟ್ರಂಕಿನ್ಯಾಗ ಉಳಿದ ಆರನೇ ನಂಬರ್ ತೋಟಾ

ಕಳೆದ ಮಹಾನವಮಿಗೆ ಶಿರಹಟ್ಟಿ ಹತ್ತಿರದ ನಮ್ಮ ಹಳ್ಳಿಗೆ ಹೋದಾಗ ಆಯುಧ ಪೂಜೆಗಂತ ಅಜ್ಜನ ಟ್ರಂಕ್ ತೆಗೆದಿವಿ. ಅಜ್ಜ ತೀರಿಕೊಂಡ ಮೇಲೆ ಅವರ ಜೋಡುನಳಿಗೆ ಬಂದೂಕನ್ನು ಕಾಕಾ ಪೊಲೀಸ್ ಠಾಣೆಗೆ ಒಪ್ಪಿಸಿದ್ದರು. ಆದರೆ ಟ್ರಂಕಿನ ತಳದಲ್ಲಿ, ಹಳೇ ಧೋತರದಾಗ ಸುತ್ತಿಟ್ಟ ಒಂದು ಡಬ್ಬಿ ಉಳಿದುಬಿಟ್ಟಿತ್ತು. ಒಳಗೆ ಹತ್ತು ತೋಟಾ. ಹಿತ್ತಾಳೆ ತಳ, ಕೆಂಪು ಕಾಗದದ ಮೈ, ತಲೆ ಮೇಲೆ ‘6’ ಅನ್ನೋ ಅಂಕಿ.

ನನ್ನ ತಮ್ಮ ಆಗಷ್ಟೇ ಒಂದು ಮುಧೋಳ ನಾಯಿ ತಂದು ಸಾಕಿದ್ದ. ಡಬ್ಬಿ ನೋಡಿದ್ದೇ ತಡ, “ಅಕ್ಕಾ, ನಾಯಿ ಐತಿ, ತೋಟಾ ಐತಿ, ದೋಸ್ತನ ಮನ್ಯಾಗ ಲೈಸೆನ್ಸ್ ಬಂದೂಕೂ ಐತಿ. ಕಪ್ಪತಗುಡ್ಡದ ಕಡೆ ಕೌಜುಗದ ಬ್ಯಾಟಿಗೆ ಹೋಗಿ ಬರ್ತೀವಿ” ಅಂದ.

ಕಾಕಾ ನಗಲಿಲ್ಲ. “ಮೊದಲ ಕುಂದರು. ಈ ಆರು ಅಂದ್ರ ಏನು, ಗೊತ್ತೈತೇನು?” ಅಂತ ಕೇಳಿದರು.

ನಂಬರ್ ಹೆಚ್ಚಾದ್ರೆ ಕಾಳು ಸಣ್ಣ

ಹಕ್ಕಿಗೆ ಹೊಡೆಯೋ ತೋಟಾದಲ್ಲಿ ಒಂಟಿ ಗುಂಡು ಇರೋದಿಲ್ಲ, ಸೀಸದ ಸಣ್ಣ ಕಾಳುಗಳಿರ್ತವೆ. ಅದಕ್ಕೇ ‘ಚರೆ’ ಅಂತಾರೆ. ನಂಬರ್ ಏರಿದಂತೆ ಕಾಳು ಸಣ್ಣದಾಗುತ್ತೆ. ಬ್ರಿಟಿಷ್ ಅಳತೆಯಲ್ಲಿ ಒಂದು ಔನ್ಸ್‌ಗೆ, ಅಂದ್ರೆ ಸುಮಾರು 28 ಗ್ರಾಂಗೆ, ಆರನೇ ನಂಬರ್ 270 ಕಾಳು, ಎಂಟನೇ ನಂಬರ್ 450 ಕಾಳು. ‘12 ಬೋರ್’ ಅನ್ನೋದಕ್ಕೂ ಸೀಸದ್ದೇ ಲೆಕ್ಕ: ಒಂದು ಪೌಂಡ್ ಸೀಸವನ್ನು 12 ಸಮ ಗುಂಡು ಮಾಡಿದರೆ ಒಂದೊಂದೂ ಎಷ್ಟು ದಪ್ಪವೋ, ನಳಿಗೆಯೂ ಅಷ್ಟೇ ದಪ್ಪ.

“ಕೌಜುಗಕ್ಕ ಆರು, ಬುರ್ಲಿಗೆ ಎಂಟು, ಇದು ಅಪ್ಪನ ಲೆಕ್ಕ,” ಅಂದರು ಕಾಕಾ. ದೊಡ್ಡ ಕಾಳು ದೂರದವರೆಗೂ ಜೋರು ಉಳಿಸಿಕೊಳ್ಳುತ್ತೆ, ಆದರೆ ಕಾಳು ಕಡಿಮೆ ಇರೋದರಿಂದ ನಡುವೆ ಸಂದು ಬೀಳುತ್ತೆ. ಸಣ್ಣ ಕಾಳು ಒತ್ತೊತ್ತಾಗಿ ಹೋಗುತ್ತೆ, ಆದರೆ ಬೇಗ ಸೊರಗುತ್ತೆ. ಹಕ್ಕಿ ಎಷ್ಟು ಹತ್ತಿರದಿಂದ ಹಾರುತ್ತೆ ಅನ್ನೋದನ್ನ ನಿರ್ಧರಿಸೋದು ನಾಯಿ. ಪಾಯಿಂಟರ್‌ನಂಥ ಮೂಗಿನ ನಾಯಿ ವಾಸನೆ ಹಿಡಿದು ಹಕ್ಕಿ ಮುಂದೆ ಅಲ್ಲಾಡದೆ ನಿಲ್ಲುತ್ತೆ. ಹಕ್ಕಿ ಹತ್ತಿರದಲ್ಲೇ ಏಳುತ್ತೆ, ಸಣ್ಣ ಚರೆ ಸಾಕಾಗುತ್ತೆ. ಮುಧೋಳ ಹಾಗಲ್ಲ. ಅದು ಕಣ್ಣಿನ ನಾಯಿ, ಓಡೋ ಮೊಲ ಕಂಡರೆ ಅಟ್ಟಿಸಿಕೊಂಡು ಹೋಗೋ ಜಾತಿ. “ನಿನ್ನ ನಾಯಿ ಹಕ್ಕಿ ಎಬ್ಬಿಸಿ ನೀ ಬರೋದ್ರಾಗ ಮುಂದಿನ ಊರು ಮುಟ್ಟಿರ್ತದ,” ಅಂದರು ಕಾಕಾ.

ಈ ಲೆಕ್ಕ ಈಗ ಯಾರಿಗೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಬಂದಾಗ ಸಣ್ಣ ಬೇಟೆಗೆ ಲೈಸೆನ್ಸ್ ಕೊಡೋ ಅವಕಾಶ ಅದರಲ್ಲೇ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಇವತ್ತು ಕೌಜುಗ, ಬುರ್ಲಿ ಹೊಡೆಯೋಕೆ ಯಾವ ನಂಬರ್ ತೋಟಾವೂ ಕಾನೂನಿನ ಒಳಗೆ ಬರೋದಿಲ್ಲ. ಕಾಯ್ದೆಯ ಪ್ರಕಾರ ಕೊಲ್ಲೋದು ಮಾತ್ರ ಬೇಟೆಯಲ್ಲ. ಅಟ್ಟೋದು, ಬಲೆ ಹಾಕೋದು, ಉರುಲು ಒಡ್ಡೋದೂ ಬೇಟೆಯೇ. ಅಂದ್ರೆ ‘ಬಂದೂಕು ಬ್ಯಾಡ, ನಾಯಿ ಅಷ್ಟ ಬಿಡ್ತೀನಿ’ ಅನ್ನೋ ಜಾಣತನವೂ ನಡೆಯೋದಿಲ್ಲ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಿಗೆ ಹಬ್ಬಿದ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅನುಮತಿ ಇಲ್ಲದೆ ಆಯುಧ ಹಿಡಿದು ಒಳಗೆ ಕಾಲಿಟ್ಟರೇ ಅಪರಾಧ. ಇನ್ನು ದೋಸ್ತನ ಹೆಸರಿನ ಲೈಸೆನ್ಸ್ ದೋಸ್ತನಿಗೆ ಮಾತ್ರ.

ನಂಬರ್ ಹೋಗಿ ಲೋಹ ಬಂತು

ಬೇಟೆಗೆ ಅವಕಾಶ ಇರೋ ದೇಶಗಳಲ್ಲೂ ಪ್ರಶ್ನೆ ಬದಲಾಗಿದೆ. ಒಂದು ಹಕ್ಕಿಗೆ ತಾಗೋದು ಬೆರಳೆಣಿಕೆ ಕಾಳು. 270ರಲ್ಲಿ ಉಳಿದಿದ್ದೆಲ್ಲ ನೆಲಕ್ಕೆ, ನೀರಿಗೆ ಬೀಳುತ್ತೆ. ಹಕ್ಕಿಗಳಿಗೆ ಹಲ್ಲಿಲ್ಲ. ಕಾಳು ಅರೆಯೋಕೆ ಅಂತ ಸಣ್ಣ ಹರಳು ಆರಿಸಿ ನುಂಗ್ತವೆ. ಹರಳಿನ ಜೊತೆ ಸೀಸವೂ ಹೊಟ್ಟೆ ಸೇರುತ್ತೆ, ಅಲ್ಲಿ ಸವೆದು ರಕ್ತಕ್ಕೆ ಇಳಿಯುತ್ತೆ. ರೆಕ್ಕೆಯ ಶಕ್ತಿ ಹೋಗುತ್ತೆ, ಹಕ್ಕಿ ತಿನ್ನೋದು ಬಿಟ್ಟು ಸೊರಗಿ ಸಾಯುತ್ತೆ. ಅದಕ್ಕೇ ಅಮೆರಿಕ 1991ರಲ್ಲಿ ಬಾತುಗಳ ಬೇಟೆಗೆ ಸೀಸದ ಚರೆ ನಿಲ್ಲಿಸಿತು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ನಿಲ್ಲಿಸಿತು. ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರ ಫೆಬ್ರುವರಿಯಿಂದ ನಿಷೇಧ ಇದೆ. ಅಲ್ಲೀಗ ಉಕ್ಕಿನ ಚರೆ ಬಂದಿದೆ. ಉಕ್ಕು ಹಗುರ, ಹಾಗಾಗಿ ಸೀಸದ ಆರರ ಜಾಗಕ್ಕೆ ಉಕ್ಕಿನ ನಾಲ್ಕು ಬೇಕು. ಅದು ಗಟ್ಟಿಯೂ ಹೌದು. ಅಜ್ಜನ ಕಾಲದ ಹಳೇ ನಳಿಗೆಗೆ ಹಾಕಿದರೆ ನಳಿಗೆಯೇ ಕೆಡಬಹುದು.

ಇದೆಲ್ಲ ದೂರದ ಮಾತು ಅನ್ಕೋಬೇಡಿ. ಗದಗದಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11 ಕಿಲೋಮೀಟರ್ ದೂರದಲ್ಲಿ ಮಾಗಡಿ ಕೆರೆ ಇದೆ. ಪ್ರತಿ ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯೋದು ಇಲ್ಲಿಗೇ. ಹಗಲು ಕೆರೆಯಲ್ಲಿ ವಿಶ್ರಾಂತಿ, ಹೊತ್ತಿಳಿದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿ ಸೇರಿತು. ನಮ್ಮ ಹೊಲದ ಮಣ್ಣೇ ಅವುಗಳ ತಟ್ಟೆ.

ನಿಮ್ಮನೇಲೂ ಡಬ್ಬಿ ಇದ್ರೆ

ಲೈಸೆನ್ಸ್‌ದಾರರು ತೀರಿಕೊಂಡ ಮೇಲೆ ಬಂದೂಕಿನಂತೆ ತೋಟಾವನ್ನೂ ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಹತ್ತಿರದ ಠಾಣೆಗೋ ಲೈಸೆನ್ಸ್ ಇರೋ ಡೀಲರ್‌ಗೋ ಒಪ್ಪಿಸಿ ರಸೀದಿ ತಗೊಳ್ಳಬೇಕು. ಬಂದೂಕು ಉಳಿಸಿಕೊಳ್ಳಬೇಕು ಅಂದ್ರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಬಹುದು. ತೋಟಾ ಸಿಕ್ಕರೆ ಬಿಚ್ಚಿ ನೋಡಬೇಡಿ, ಬಿಸಿಲಿಗಿಡಬೇಡಿ, ತಿಪ್ಪೆಗೆ ಬೆಂಕಿಗೆ ಎಸೆಯಬೇಡಿ. ಥಂಡಿಗೆ ಕಾಗದ ಉಬ್ಬಿದ್ದರೂ ಒಳಗಿನ ಮದ್ದು ಸತ್ತಿರುತ್ತೆ ಅನ್ನೋಕಾಗೋದಿಲ್ಲ. ಮಕ್ಕಳ ಕೈಗಂತೂ ಸಿಗಲೇಬಾರದು. ಠಾಣೆಗೆ ಮೊದಲು ಫೋನ್ ಮಾಡಿ, ಹೇಗೆ ತರಬೇಕು ಅಂತ ಕೇಳಿಕೊಂಡು ಹೋಗಿ.

ನಾವೂ ಹಾಗೇ ಮಾಡಿದಿವಿ. ಕಾಕಾ ಠಾಣೆಗೆ ಫೋನ್ ಮಾಡಿ, ಅಜ್ಜನ ಲೈಸೆನ್ಸ್ ಪುಸ್ತಕ ಹಿಡಕೊಂಡು ಹೋಗಿ ಹತ್ತೂ ತೋಟಾ ಎಣಿಸಿ ಕೊಟ್ಟು ಬಂದರು. ತಮ್ಮ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ. ಮೂರನೇ ದಿನ ಬೆಳಿಗ್ಗೆ ನಾಯಿಗೆ ಬೆಲ್ಟ್ ಹಾಕಿ ಹೊಲದ ಬದುವಿನ ಮೇಲೆ ನಡೆಸಿಕೊಂಡು ಹೋದಾಗ ಬೇಲಿ ಬುಡದಿಂದ ಕೌಜುಗ ಕೂಗಿತು. ನಾಯಿ ಕಿವಿ ನಿಮಿರಿಸಿ ನಿಂತಿತು. ತಮ್ಮ ಬೆಲ್ಟ್ ಬಿಗಿಹಿಡಿದು, ಫೋನ್ ತೆಗೆದು ಕೂಗು ರೆಕಾರ್ಡ್ ಮಾಡಿ ಮನೆಮಂದಿಯ ಗ್ರೂಪಿಗೆ ಹಾಕಿದ. ಮೊದಲು ಉತ್ತರ ಬಂದಿದ್ದು ಕಾಕಾನಿಂದ: “ಇದ ಕೂಗು ಕೇಳಿ ನಿಮ್ಮಜ್ಜ ಏಳ್ತಿದ್ದ.”